ಗಿರಣಿ ಹಿಟ್ಟಿನಲ್ಲೇ ಕೇಕ್, ಜೋಳದ ಹಿಟ್ಟಿನಲ್ಲೇ ನಾನ್‌ಖಟಾಯಿ: ನಮ್ಮ ಕಡೆ ಯಾರ್ಯಾರು ಮಾಡುತ್ತೀರಿ?

ಮಾಳಮಡ್ಡಿ ಅಡುಗೆಮನೆ, ಧಾರವಾಡ

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಕಡೆ ಮನೆಯಲ್ಲೇ ಕೇಕ್, ಬಿಸ್ಕೀಟು ಮಾಡುವವರು ಈಗ ಜಾಸ್ತಿ ಆಗಿದ್ದಾರೆ. ನೋಡಿದರೆ ಖುಷಿಯಾಗುತ್ತದೆ. ಆದರೆ ಒಂದು ಮಾತು ಹೇಳಲೇಬೇಕು. ಮೊಬೈಲಿನಲ್ಲಿ ಸಿಗುವ ಹೆಚ್ಚಿನ ರೆಸಿಪಿಗಳನ್ನು ಮೈದಾ ಇಟ್ಟುಕೊಂಡು ಬರೆದಿರುತ್ತಾರೆ. ನಮ್ಮ ಡಬ್ಬಿಯಲ್ಲಿ ಇರುವುದು ಗಿರಣಿಗೆ ಹಾಕಿಸಿದ ಗೋದಿ ಹಿಟ್ಟು, ಜೋಳದ ಹಿಟ್ಟು. ಮೈದಾ ಬೇಡವೆಂದು ಅದೇ ಅಳತೆಗೆ ಗೋದಿ ಹಿಟ್ಟು ಹಾಕಿದರೆ ಕೇಕ್ ಒಣಗುತ್ತದೆ, ಮೇಲೆ ಬಿರಿಯುತ್ತದೆ, ಗಂಟಲಲ್ಲಿ ಹಿಡಿಯುತ್ತದೆ. ಮಕ್ಕಳು ಒಂದು ತುಂಡು ತಿಂದು ಎದ್ದುಹೋಗುತ್ತಾರೆ. ಆಮೇಲೆ ಮನೆಯವರೆಲ್ಲ ಸೇರಿ ತೀರ್ಪು ಕೊಡುತ್ತಾರೆ, ಗೋದಿ ಹಿಟ್ಟಿನ ಕೇಕ್ ಚಲೋ ಆಗುವುದಿಲ್ಲ ಅಂತ.

ಇದನ್ನು ನಾನು ಒಪ್ಪುವುದಿಲ್ಲ. ಹಿಟ್ಟು ಬದಲಾದರೆ ನೀರಿನ ಲೆಕ್ಕವೂ ಬದಲಾಗಬೇಕು, ಅಷ್ಟೇ.

ಗಿರಣಿ ಕಲ್ಲಿನ ನಡುವೆ ಸಿಕ್ಕ ಕಾಳಿಗೆ ಒತ್ತಡ, ಬಿಸಿ ಎರಡೂ ತಗಲುತ್ತವೆ. ಅದರಿಂದ ಪಿಷ್ಟದ ಕಣಗಳು ಒಡೆಯುತ್ತವೆ. ಒಡೆದ ಪಿಷ್ಟ ಜಾಸ್ತಿ ನೀರು ಕುಡಿಯುತ್ತದೆ. ಜೊತೆಗೆ ತೌಡು ಇರುತ್ತದೆ. ಅದೂ ನೀರು ಎಳೆದುಕೊಳ್ಳುತ್ತದೆ, ಆದರೆ ನಿಧಾನವಾಗಿ. ಮೈದಾದಲ್ಲಿ ತೌಡೂ ಇಲ್ಲ, ಒಡೆದ ಪಿಷ್ಟವೂ ಕಡಿಮೆ. ಚಪಾತಿ ಮಾಡುವವರಿಗೆಲ್ಲ ಇದು ಕೈಗೆ ಗೊತ್ತಿರುವ ವಿಷಯ. ಕಣಕ ನಾದಿ ಅರ್ಧ ತಾಸು ಮುಚ್ಚಿಟ್ಟರೆ ಚಪಾತಿ ಮೆತ್ತಗಾಗುತ್ತದೆ, ಅಲ್ವಾ? ಕೇಕಿಗೂ ಆ ಅರ್ಧ ತಾಸು ಕೊಡಬೇಕು.

ಆದರೆ ಒಂದು ತೊಡಕಿದೆ. ಸೋಡಾ ಹಾಕಿದ ಮೇಲೆ ಹಿಟ್ಟನ್ನು ಇಡುವ ಹಾಗಿಲ್ಲ. ಮೊಸರಿನ ಹುಳಿ ತಾಗಿದ ಕೂಡಲೇ ಸೋಡಾ ಗಾಳಿ ಬಿಡಲು ಶುರು ಮಾಡುತ್ತದೆ. ಅರ್ಧ ತಾಸು ಇಟ್ಟರೆ ಆ ಗಾಳಿಯೆಲ್ಲ ಪಾತ್ರೆಯಲ್ಲೇ ಹೋಗಿಬಿಡುತ್ತದೆ. ಅದಕ್ಕೆ ನಾನು ಮಾಡುವುದು ಹೀಗೆ. ಮೊದಲು ಹಿಟ್ಟು, ಮೊಸರು, ಹಾಲು ಇಷ್ಟನ್ನೇ ಕಲಸಿ 20-30 ನಿಮಿಷ ಮುಚ್ಚಿಡುತ್ತೇನೆ. ಓವನ್ ಕಾದ ಮೇಲೆ ಬೆಲ್ಲ, ಎಣ್ಣೆ ಸೇರಿಸಿ, ಕೊನೆಗೆ ಸೋಡಾ ಮತ್ತು ಬೇಕಿಂಗ್ ಪೌಡರ್ ಹಾಕಿ, ಒಂದೇ ದಿಕ್ಕಿನಲ್ಲಿ ಹಗುರವಾಗಿ ತಿರುವಿ ತಡಮಾಡದೆ ಒಳಗೆ ಇಡುತ್ತೇನೆ. ಗೋದಿ ಕೇಕ್ ಮೆತ್ತಗೆ ಬರುವುದಕ್ಕೆ ಇದಕ್ಕಿಂತ ದೊಡ್ಡ ಗುಟ್ಟು ಇಲ್ಲ.

ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟವಾಗಿರುವ ಒಂದು ಕೇಕ್ ಹೇಳುತ್ತೇನೆ. ಇದಕ್ಕೆ ಮಾದಲಿ ಕೇಕ್ ಅಂತಲೇ ಕರೆಯುತ್ತೇವೆ. ಸಂಕ್ರಾಂತಿಗೆ, ಜಾತ್ರೆಗೆ ಗೋದಿ, ಬೆಲ್ಲ ಹಾಕಿ ಮಾಡುವ ಪುಡಿಪುಡಿ ಸಿಹಿ ಮಾದಲಿಯ ರುಚಿ ಕೇಕಿನಲ್ಲಿ ಬರಲಿ ಎಂದು ಮಾಡಿದ್ದು. ಗೋದಿ ಹಿಟ್ಟು 150 ಗ್ರಾಂ, ಗಟ್ಟಿ ಮೊಸರು 180 ಗ್ರಾಂ, ಹಾಲು 60 ಎಂ.ಎಲ್. ಇವನ್ನು ಕಲಸಿ ಇಡಿ. ಬೆಲ್ಲ 125 ಗ್ರಾಂ. ಬೆಲ್ಲದಲ್ಲಿ ಕಸ, ಹರಳು ಇದ್ದರೆ ಎರಡು ಚಮಚ ನೀರಿನಲ್ಲಿ ಕರಗಿಸಿ ಸೋಸಿ, ಪೂರ್ತಿ ಆರಿಸಿ ಹಾಕಿ. ವಾಸನೆ ಇಲ್ಲದ ಎಣ್ಣೆ 70 ಎಂ.ಎಲ್. ಹುರಿದು ಕುಟ್ಟಿದ ಬಡೇಸೋಪು ಒಂದು ಚಮಚ, ಯಾಲಕ್ಕಿ, ಚಿಟಿಕೆ ಜಾಜಿಕಾಯಿ, ಎರಡು ಚಮಚ ತುರಿದ ಒಣಕೊಬ್ಬರಿ, ಹುರಿದು ಸಿಪ್ಪೆ ತೆಗೆದು ಒಡೆದ ಶೇಂಗಾ ಒಂದು ಹಿಡಿ. ಸೋಡಾ ಅರ್ಧ ಟೀ ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ. ಮೇಲೆ ಗಸಗಸಿ ಉದುರಿಸಿ. ಆರು ಇಂಚಿನ ಡಬ್ಬಿಗೆ ಸರಿಹೋಗುತ್ತದೆ. 170 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಬೆಲ್ಲದ ಕೇಕ್ ಸಕ್ಕರೆಯದಕ್ಕಿಂತ ಬೇಗ ಕೆಂಪಾಗುತ್ತದೆ. ಅದಕ್ಕೇ 180 ಬೇಡ. ಬಣ್ಣ ನೋಡಿ ಬೆಂದಿದೆ ಎಂದುಕೊಳ್ಳಬೇಡಿ, ಕಡ್ಡಿ ಚುಚ್ಚಿಯೇ ನೋಡಿ.

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯವರು ನಿಮ್ಮ ಹಿಟ್ಟಿನ ಅನುಭವ ಬರೆಯಿರಿ. ಮುಖ್ಯವಾಗಿ ಜೋಳದ ಹಿಟ್ಟಿನಲ್ಲಿ ಯಾರು ಏನು ಮಾಡಿದ್ದೀರಿ ಅಂತ ತಿಳಿಯುವ ಆಸೆ.

ವಿದ್ಯಾನಗರ ಬೇಕಿಂಗ್, ಹುಬ್ಬಳ್ಳಿ

ಅಕ್ಕಾ, ಬಹಳ ಚಂದ ಬರೆದಿದ್ದೀರಿ. ಆದರೆ ಮೈದಾ ಪರವಾಗಿ ಎರಡು ಮಾತು ಹೇಳಬೇಕು. ನಾನು ಮನೆಯಿಂದಲೇ ಹುಟ್ಟುಹಬ್ಬದ ಕೇಕ್ ಮಾಡಿಕೊಡುತ್ತೇನೆ. ಮೂರು ಪದರ ಕತ್ತರಿಸಿ, ನಡುವೆ ಕ್ರೀಮ್ ಹಚ್ಚಿ, ಮೇಲೆ ಹೂವು ಬಿಡಿಸಬೇಕು. ಅದಕ್ಕೆ ಸ್ಪಾಂಜ್ ಹಗುರ ಇರಬೇಕು, ಕತ್ತರಿಸಿದರೆ ಉದುರಬಾರದು. ಗೋದಿ ಹಿಟ್ಟಿನ ತೌಡು ಆ ಕೇಕಿನೊಳಗಿನ ಸಣ್ಣ ಸಣ್ಣ ಗುಳ್ಳೆಗಳನ್ನು ಒಡೆಯುತ್ತದೆ. ಗ್ಲುಟೆನ್, ಅಂದರೆ ಹಿಟ್ಟನ್ನು ಹಿಡಿದಿಡುವ ಗೋದಿಯ ಅಂಟು ಪ್ರೋಟೀನ್, ಅದರ ಎಳೆಯನ್ನೂ ಕತ್ತರಿಸುತ್ತದೆ. ಆದ್ದರಿಂದ ಎಲ್ಲದಕ್ಕೂ ಗೋದಿ ಹಿಟ್ಟು ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಮೈದಾ ಬೇಡ ಎನ್ನುವ ಗಿರಾಕಿಗಳಿಗೆ ನಾನು ಅರ್ಧ ಮೈದಾ, ಅರ್ಧ ಗೋದಿ ಹಾಕುತ್ತೇನೆ ಎಂದು ಮೊದಲೇ ಬಾಯಿಬಿಟ್ಟು ಹೇಳುತ್ತೇನೆ. ಗೋದಿ ಹಿಟ್ಟನ್ನು ಸಣ್ಣ ಕಣ್ಣಿನ ಸಾಣಿಗೆಯಲ್ಲಿ ಸಾಣಿಸಿ ದಪ್ಪ ತೌಡು ತೆಗೆದುಬಿಟ್ಟರೆ ಕ್ರೀಮ್ ಕೇಕಿಗೂ ಸಾಕಷ್ಟು ಹೊಂದುತ್ತದೆ. ತೆಗೆದ ತೌಡು ಮರುದಿನದ ಚಪಾತಿ ಕಣಕಕ್ಕೆ.

ಮಾಳಮಡ್ಡಿ ಅಡುಗೆಮನೆ, ಧಾರವಾಡ

ಕ್ರೀಮ್ ಕೇಕಿನ ವಿಷಯದಲ್ಲಿ ನೀವು ಹೇಳಿದ್ದು ನಿಜ, ಒಪ್ಪಿದೆ. ನನ್ನ ಮಾತು ಹುಟ್ಟುಹಬ್ಬದ್ದಲ್ಲ. ದಿನಾ ಸಂಜೆ ಚಹಾದ ಜೊತೆ, ಮಕ್ಕಳು ಸಾಲಿಯಿಂದ ಬಂದಾಗ ಕೈಗೆ ಕೊಡುವ ತಿನಿಸಿನದು. ಹುಟ್ಟುಹಬ್ಬ ವರ್ಷಕ್ಕೊಮ್ಮೆ ಬರುತ್ತದೆ, ಹಸಿವು ದಿನಾ ಸಂಜೆ ಆಗುತ್ತದೆ. ಆ ದಿನಾ ತಿನ್ನುವುದು ನಮ್ಮ ಡಬ್ಬಿಯ ಹಿಟ್ಟಿನದೇ ಆಗಿರಲಿ ಎನ್ನುವುದು ನನ್ನ ಹಟ. ಗಿರಾಕಿಗೆ ಮೊದಲೇ ಹೇಳಿ ಮಾಡುತ್ತೀರಲ್ಲ, ಅದು ಭಾಳ ಇಷ್ಟವಾಯಿತು.

ಗಿರಣಿ ಅಣ್ಣ, ಕುಂದಗೋಳ

ಅಕ್ಕಾರೆ, ನಮ್ಮದು ಹಿಟ್ಟಿನ ಗಿರಣಿ. ಅಪ್ಪನ ಕಾಲದಿಂದ ನಡೆಸುತ್ತಿದ್ದೇವೆ. ನೀವು ಹಿಟ್ಟಿನ ಬಗ್ಗೆ ಇಷ್ಟು ವಿಚಾರ ಮಾಡಿದ್ದು ಓದಿ ಸಮಾಧಾನವಾಯಿತು. ಗಿರಣಿ ಕಡೆಯಿಂದ ನಾನೂ ನಾಲ್ಕು ಮಾತು ಸೇರಿಸುತ್ತೇನೆ.

ಕೇಕಿಗೆ, ಬಿಸ್ಕೀಟಿಗೆ ಹಿಟ್ಟು ಬೇಕಾದರೆ ಗಿರಣಿಯವನಿಗೆ ಬಾಯಿಬಿಟ್ಟು ಹೇಳಿ, ಸಣ್ಣಗೆ ಬೇಕು ಅಂತ. ಕಲ್ಲಿನ ಅಂತರ ಕಡಿಮೆ ಮಾಡಿ ಸಣ್ಣಗೆ ಬೀಸಿಕೊಡುತ್ತೇವೆ. ಆದರೆ ಸಣ್ಣಗೆ ಬೀಸಿದಷ್ಟೂ ಹಿಟ್ಟು ಬಿಸಿಯಾಗುತ್ತದೆ, ನೀರೂ ಜಾಸ್ತಿ ಕುಡಿಯುತ್ತದೆ. ಬಿಸಿ ಹಿಟ್ಟನ್ನು ಮನೆಗೆ ಒಯ್ದ ಕೂಡಲೇ ಡಬ್ಬಿಗೆ ತುಂಬಿ ಮುಚ್ಚಬಾರದು. ಒಳಗೆ ಬೆವರುತ್ತದೆ, ಬೇಗ ಹುಳ ಬೀಳುತ್ತದೆ. ಹಾಳೆಯ ಮೇಲೋ ಬಟ್ಟೆಯ ಮೇಲೋ ಹರವಿ, ಕೈಗೆ ತಣ್ಣಗೆ ಹತ್ತಿದ ಮೇಲೆ ತುಂಬಿ.

ಜೋಳದ ಹಿಟ್ಟನ್ನು ತಿಂಗಳಿಗಾಗುವಷ್ಟು ಒಮ್ಮೆಲೇ ಹಾಕಿಸಬೇಡಿ. ಜೋಳದ ಕಾಳಿನ ಮೊಳಕೆಯ ಭಾಗದಲ್ಲಿ ಎಣ್ಣೆ ಇದೆ. ಬೀಸಿದ ಮೇಲೆ ಗಾಳಿ ತಾಗಿ ಅದು ಕಮಟು ಹಿಡಿಯುತ್ತದೆ, ಹಿಟ್ಟು ಕಹಿಯಾಗುತ್ತದೆ. ಹಳೆ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಬಡಿದರೆ ಅಂಚು ಸೀಳುತ್ತದೆ. ಅದೇ ಹಿಟ್ಟು ಬಿಸ್ಕೀಟಿಗೆ ಹಾಕಿದರೆ ತುಪ್ಪದ ಜೊತೆ ಆ ಕಹಿ ಇನ್ನೂ ಎದ್ದು ಕಾಣುತ್ತದೆ. ವಾರಕ್ಕೆ, ಹೆಚ್ಚೆಂದರೆ ಹದಿನೈದು ದಿನಕ್ಕೆ ಆಗುವಷ್ಟು ಸಾಕು. ಕಾಳು ತಿಂಗಳುಗಟ್ಟಲೆ ಇಡಬಹುದು, ಹಿಟ್ಟು ಇಡಬಾರದು.

ಇನ್ನೊಂದು ಮುಖ್ಯವಾದದ್ದು. ಮನೆಯಲ್ಲಿ ಯಾರಿಗಾದರೂ ಗೋದಿ ಆಗಿಬರುವುದಿಲ್ಲ, ಡಾಕ್ಟರು ಸೀಲಿಯಾಕ್ (ಗ್ಲುಟೆನ್ ಆಗಿಬರದ ಕಾಯಿಲೆ) ಎಂದಿದ್ದಾರೆ ಎಂದರೆ ಊರ ಗಿರಣಿಯ ಜೋಳದ ಹಿಟ್ಟನ್ನು ನಂಬಬೇಡಿ. ಜೋಳದಲ್ಲಿ ಗ್ಲುಟೆನ್ ಇಲ್ಲ ನಿಜ. ಆದರೆ ನಿಮಗಿಂತ ಮುಂಚೆ ಅದೇ ಕಲ್ಲಿನಲ್ಲಿ ಯಾರೋ ಗೋದಿ ಬೀಸಿಸಿರುತ್ತಾರೆ. ಅದರ ಹಿಟ್ಟು ಕಲ್ಲಿನ ಸಂದಿಯಲ್ಲಿ, ಚೀಲದ ಬಾಯಲ್ಲಿ ಉಳಿದಿರುತ್ತದೆ. ಅಂಥವರು ಜೋಳ ತೊಳೆದು ಒಣಗಿಸಿ, ಮನೆಯಲ್ಲೇ ಬೇರೆ ಸಣ್ಣ ಗಿರಣಿಯಲ್ಲಿ ಬೀಸಿಕೊಳ್ಳಬೇಕು.

ಬೆಟಗೇರಿ ವೈನಿ, ಗದಗ

ಜೋಳದ ನಾನ್‌ಖಟಾಯಿ ಬಗ್ಗೆ ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದೆ ನೋಡಿ.

ನಾನು ಸಣ್ಣವಳಿದ್ದಾಗ ಮನೆಯಲ್ಲಿ ಓವನ್ ಎಲ್ಲಿಂದ ಬರಬೇಕು. ದೀಪಾವಳಿ ಮುಂದೆ ಅವ್ವ ಹಿಟ್ಟು, ತುಪ್ಪ, ಸಕ್ಕರೆ ತೂಕ ಮಾಡಿ ಡಬ್ಬಿಯಲ್ಲಿ ಹಾಕಿಕೊಡುತ್ತಿದ್ದಳು. ಅದನ್ನು ಓಣಿಯ ಬೇಕರಿ ಭಟ್ಟಿಗೆ ಒಯ್ಯಬೇಕು. ಅವರು ಕಲಸಿ, ತಟ್ಟಿ, ತಗಡಿನ ಮೇಲೆ ಸಾಲಾಗಿ ಇಟ್ಟು ಬೇಯಿಸಿ ಕೊಡುತ್ತಿದ್ದರು. ನಮ್ಮ ಪಾಳಿ ಬರುವವರೆಗೆ ಅಲ್ಲೇ ಕೂತಿರುತ್ತಿದ್ದೆವು. ಮನೆ ಮನೆಯ ತುಪ್ಪದ ವಾಸನೆ ಬೇರೆ ಬೇರೆ ಇರುತ್ತಿತ್ತು. ಈಗಿನ ಮಕ್ಕಳಿಗೆ ಆ ಭಟ್ಟಿ ಸಿಗುವುದಿಲ್ಲ, ಆದರೆ ಆ ರುಚಿ ಮನೆಯಲ್ಲೇ ತರಬಹುದು.

ಜೋಳಕ್ಕೆ ಗ್ಲುಟೆನ್ ಇಲ್ಲ ಎಂದು ಎಲ್ಲರೂ ಹೆದರುತ್ತಾರೆ. ನಾನ್‌ಖಟಾಯಿಗೆ ಅದು ಬೇಕಾಗಿಯೇ ಇಲ್ಲ. ಬಾಯಲ್ಲಿ ಇಟ್ಟರೆ ಪುಡಿಪುಡಿ ಆಗಬೇಕು, ಎಳೆ ಬರಬಾರದು. ಹಾಗೆ ನೋಡಿದರೆ ಜೋಳವೇ ಇದಕ್ಕೆ ಹೇಳಿ ಮಾಡಿಸಿದ ಹಿಟ್ಟು. ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲದಂಡಿ ತಳಿ ಸಿಕ್ಕರೆ ಭಾಳ ಚಲೋ, ಸ್ವಲ್ಪ ಸಿಹಿ ಇರುತ್ತದೆ.

ಜೋಳದ ಹಿಟ್ಟು 150 ಗ್ರಾಂ, ಗೋದಿ ಹಿಟ್ಟು 50 ಗ್ರಾಂ, ತುಪ್ಪ 100 ಗ್ರಾಂ, ಪುಡಿ ಸಕ್ಕರೆ 90 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಚಿಟಿಕೆ ಉಪ್ಪು, ಯಾಲಕ್ಕಿ ಪುಡಿ. ಜೋಳದ ಹಿಟ್ಟನ್ನು ಮೊದಲು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ಆರಿಸಿ. ಇದನ್ನು ತಪ್ಪಿಸಬೇಡಿ, ಹಸಿ ವಾಸನೆ ಹೋಗುವುದು ಇದರಿಂದಲೇ. ತುಪ್ಪ ಹೆಪ್ಪುಗಟ್ಟಿದ್ದು ಬೇಕು, ಕರಗಿದ್ದು ಬೇಡ. ಹೆಪ್ಪಾದ ತುಪ್ಪ, ಸಕ್ಕರೆ ಎರಡನ್ನೂ ಅಂಗೈಯಲ್ಲಿ ಬೆಳ್ಳಗಾಗುವ ತನಕ ತಿಕ್ಕಬೇಕು. ಆಗ ಅದರೊಳಗೆ ಗಾಳಿ ಸೇರುತ್ತದೆ. ಕರಗಿದ ತುಪ್ಪ ಹಾಕಿದರೆ ಗಾಳಿ ಹಿಡಿಯುವುದಿಲ್ಲ, ತಗಡಿನ ಮೇಲೆ ಹರಡಿ ಒಂದಕ್ಕೊಂದು ಅಂಟುತ್ತವೆ. ಬೇಸಿಗೆಯಲ್ಲಿ ಉಂಡಿ ಕಟ್ಟಿ ತಟ್ಟಿದ ಮೇಲೆ ತಾಟನ್ನು 20 ನಿಮಿಷ ಫ್ರಿಜ್ಜಿನಲ್ಲಿಟ್ಟು ಆಮೇಲೆ ಬೇಯಿಸಿ.

160 ಡಿಗ್ರಿ, 18ರಿಂದ 20 ನಿಮಿಷ. ಹೊರಗೆ ತೆಗೆದಾಗ ಮೆತ್ತಗೇ ಇರುತ್ತವೆ. ಬೆಂದಿಲ್ಲ ಎಂದು ಮತ್ತೆ ಒಳಗೆ ಇಡಬೇಡಿ. ತಾಟಿನಲ್ಲೇ ಬಿಡಿ, ಮುಟ್ಟಬೇಡಿ. ಆರಿದಾಗ ತಾವೇ ಗಟ್ಟಿಯಾಗುತ್ತವೆ.

ಕೆಲಗೇರಿ ಹುಡುಗಿ, ಧಾರವಾಡ

ವೈನಿ, ಬಿಸ್ಕೀಟು ಸರಿ. ಪೂರ್ತಿ ಜೋಳದ ಹಿಟ್ಟಿನಲ್ಲಿ ಕೇಕ್ ಆಗುತ್ತದೆಯೇ? ನಾವು ಮೊಟ್ಟೆ ತಿನ್ನುವುದಿಲ್ಲ. ಮೊಟ್ಟೆ ಇಲ್ಲದೆ ಜೋಳದ ಕೇಕ್ ಕತ್ತರಿಸಿದರೆ ರವೆ ರವೆಯಾಗಿ ಉದುರುತ್ತದೆ.

ಬೆಟಗೇರಿ ವೈನಿ, ಗದಗ

ಆಗುತ್ತದೆ ತಂಗಿ. ರೊಟ್ಟಿ ಹೇಗೆ ಮಾಡುತ್ತೀರಿ ನೆನಪಿಸಿಕೊಳ್ಳಿ. ತಣ್ಣೀರಲ್ಲಿ ಕಲಸಿದರೆ ಜೋಳದ ಹಿಟ್ಟು ಕೂಡುವುದೇ ಇಲ್ಲ. ಕುದಿಯುವ ಎಸರು ಹಾಕಿದರೆ ಅದೇ ಹಿಟ್ಟು ಜಿಗಿ ಬಂದು, ಬಡಿದರೆ ಹರಿಯದೆ ತೆಳ್ಳಗಾಗುತ್ತದೆ. ಬಿಸಿಗೆ ಪಿಷ್ಟ ಉಬ್ಬಿ ಅಂಟಾಗುತ್ತದೆ. ಆ ಅಂಟನ್ನೇ ಕೇಕಿಗೂ ಬಳಸಿಕೊಳ್ಳಿ.

ತೆಗೆದುಕೊಂಡ ಹಿಟ್ಟಿನಲ್ಲಿ ನಾಲ್ಕರಲ್ಲಿ ಒಂದು ಪಾಲನ್ನು ಬೇರೆ ತೆಗೆಯಿರಿ. ಅದಕ್ಕೆ ಮೂರು ಪಟ್ಟು ಹಾಲು ಅಥವಾ ನೀರು ಹಾಕಿ, ಗಂಟಿಲ್ಲದಂತೆ ಕಲಸಿ, ಒಲೆಯ ಮೇಲಿಟ್ಟು ಗಟ್ಟಿ ಅಂಬಲಿಯಾಗುವವರೆಗೆ ತಿರುವಿ. ಪೂರ್ತಿ ಆರಲಿ. ಇದನ್ನು ಉಳಿದ ಹಿಟ್ಟು, ಮೊಸರಿನ ಜೊತೆ ಸೇರಿಸಿ. ಇದರ ಮೇಲೆ ಅಗಸಿ. ಅಗಸಿಯನ್ನು ಹುರಿಯದೆ ಪುಡಿ ಮಾಡಿ, ಒಂದು ದೊಡ್ಡ ಚಮಚ ಪುಡಿಗೆ ಮೂರು ದೊಡ್ಡ ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ. ಒಂದು ಮೊಟ್ಟೆಯ ಜಾಗಕ್ಕೆ ಇದು ಸಾಕು. ಅಗಸಿ ಹಿಂಡಿ ಮಾಡಲು ನಮ್ಮೆಲ್ಲರ ಮನೆಯಲ್ಲೂ ಇರುತ್ತದಲ್ಲ, ಹೊರಗಿನಿಂದ ಏನೂ ತರಬೇಕಾಗಿಲ್ಲ. ಎರಡೂ ಸೇರಿದರೆ ಕೇಕ್ ಉದುರುವುದಿಲ್ಲ. ಆದರೆ ಬಿಸಿ ಇದ್ದಾಗ ಕತ್ತರಿಸಬೇಡಿ. ಎರಡು ತಾಸು ಆರಲೇಬೇಕು.

ಸಣ್ಣ ಡಬ್ಬಿಯಲ್ಲಿ, ಅಥವಾ ಇಡ್ಲಿ ತಟ್ಟೆಯಷ್ಟು ಆಳದ ಬಟ್ಟಲುಗಳಲ್ಲಿ ಬೇಯಿಸಿ. ದೊಡ್ಡ ಡಬ್ಬಿಯಲ್ಲಿ ಜೋಳದ ಕೇಕ್ ನಡುವೆ ಕುಳಿತುಕೊಳ್ಳುತ್ತದೆ, ಅದನ್ನು ಎತ್ತಿ ಹಿಡಿಯುವ ಎಳೆ ಅದರಲ್ಲಿ ಇಲ್ಲ.

ರಾಣೆಬೆನ್ನೂರು ರುಚಿ, ಹಾವೇರಿ ಜಿಲ್ಲೆ

ಕರೆಂಟಿನ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ನಮ್ಮಲ್ಲಿ ಕೇಕ್ ಒಳಗಿಟ್ಟ ಮೇಲೆ ಕರೆಂಟು ಹೋದರೆ ಏನು ಮಾಡಬೇಕು? ಓಟಿಜಿ (ಕರೆಂಟಿನ ಸಣ್ಣ ಓವನ್) ಇನ್ವರ್ಟರ್ ಮೇಲೆ ನಡೆಯುವುದಿಲ್ಲ.

ವಿದ್ಯಾನಗರ ಬೇಕಿಂಗ್, ಹುಬ್ಬಳ್ಳಿ

ನಡೆಸಲೂ ಬಾರದು. ಓಟಿಜಿ 1200, 1500 ವ್ಯಾಟ್ ಎಳೆಯುತ್ತದೆ. ಮನೆಯ ಸಾಮಾನ್ಯ ಇನ್ವರ್ಟರ್ ಅದನ್ನು ತಡೆಯುವುದಿಲ್ಲ.

ಕರೆಂಟು ಹೋದರೆ ಮೊದಲ ಕೆಲಸ, ಬಾಗಿಲು ತೆರೆಯದೇ ಇರುವುದು. ಒಳಗಿನ ಬಿಸಿ ಅಲ್ಲೇ ಉಳಿಯಬೇಕು. ಅರ್ಧಕ್ಕಿಂತ ಹೆಚ್ಚು ಸಮಯ ಬೆಂದಿದ್ದರೆ ಒಳಗಿನ ಬಿಸಿಯಲ್ಲೇ ಬಹಳಷ್ಟು ಬೇಯುತ್ತದೆ. ಕರೆಂಟು ಬಂದ ಮೇಲೆ ಮತ್ತೆ ಹತ್ತು ನಿಮಿಷ ಇಡಿ. ಮೊದಲ ಹತ್ತು ನಿಮಿಷದೊಳಗೆ ಹೋದರೆ ಉಳಿಸುವುದು ಕಷ್ಟ. ಆಗ ಕೇಕ್ ಉಬ್ಬಿರುತ್ತದೆ, ಆದರೆ ಒಳಗಿನ ಪಿಷ್ಟ ಇನ್ನೂ ಬೆಂದು ನಿಂತಿರುವುದಿಲ್ಲ. ಗಾಳಿ ಇಳಿದ ಕೂಡಲೇ ಕುಸಿಯುತ್ತದೆ. ತಕ್ಷಣ ಡಬ್ಬಿಯನ್ನು ಗ್ಯಾಸಿನ ಮೇಲೆ ಮೊದಲೇ ಕಾಯಿಸಿದ ದಪ್ಪ ಪಾತ್ರೆಯೊಳಗೆ ಇಳಿಸಿದರೆ ಉಳಿಯಬಹುದು. ಕರೆಂಟು ಹೋಗುವ ದಿನ ಎಂದು ಗೊತ್ತಿದ್ದರೆ ನಾನು ಬಿಸ್ಕೀಟು ಮಾಡುತ್ತೇನೆ, ಕೇಕ್ ಮಾಡುವುದಿಲ್ಲ. ಬಿಸ್ಕೀಟು ಸ್ವಲ್ಪ ತಡವಾದರೂ ತಡೆಯುತ್ತದೆ.

ಇನ್ನೊಂದು, ಓಟಿಜಿಯ ಮೇಲಿನ ಗುಂಡಿ ತೋರಿಸುವ ಡಿಗ್ರಿಯನ್ನು ಪೂರ್ತಿ ನಂಬಬೇಡಿ. 20 ಡಿಗ್ರಿ ಆಚೀಚೆ ಇರುವುದು ಮಾಮೂಲು. ಒಳಗೆ ತೂಗುಹಾಕುವ ಸಣ್ಣ ಥರ್ಮಾಮೀಟರ್ ಸಿಗುತ್ತದೆ, ತೆಗೆದುಕೊಳ್ಳಿ. ಅದರ ಜೊತೆ ಒಂದು ಡಿಜಿಟಲ್ ತಕ್ಕಡಿ. ಒಂದು ಕಪ್ ಹಿಟ್ಟನ್ನು ಒತ್ತಿ ತುಂಬಿದರೆ ಒಂದು ತೂಕ, ಹಗುರವಾಗಿ ತುಂಬಿದರೆ ಇನ್ನೊಂದು. ಗ್ರಾಂ ಲೆಕ್ಕಕ್ಕೆ ಬಂದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಹಾಸ್ಟೆಲ್ ರೂಮು, ಧಾರವಾಡ

ನಾನು ಇಲ್ಲಿ ಯೂನಿವರ್ಸಿಟಿಯಲ್ಲಿ ಓದುತ್ತಿದ್ದೇನೆ. ನಾಲ್ಕು ಮಂದಿ ಸೇರಿ ರೂಮು ಮಾಡಿದ್ದೇವೆ. ಗ್ಯಾಸ್ ಒಲೆ, ಒಂದು ಕುಕ್ಕರ್, ಒಂದು ಬಾಣಲೆ ಇದೆ. ಕುಕ್ಕರಿನಲ್ಲಿ ಉಪ್ಪು ಹಾಕಿ ಕೇಕ್ ಮಾಡಬಹುದು ಅಂತಾರಲ್ಲ, ಮಾಡಲಾ?

ಬ್ಯಾಡಗಿ ಖಾರ, ಹಾವೇರಿ ಜಿಲ್ಲೆ

ತಮ್ಮಾ, ಕುಕ್ಕರ್ ಬೇಡ. ಬಹಳ ಮಂದಿ ಮಾಡುತ್ತಾರೆ ನಿಜ. ಆದರೆ ಕುಕ್ಕರ್ ಮಾಡಿರುವುದೇ ನೀರು ಹಾಕಿ ಬಳಸಲು. ಅದರ ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಇರುತ್ತದಲ್ಲ, ನೀರಿಲ್ಲದೆ ಕಾದರೆ ಕರಗುವಂತೆಯೇ ಅದನ್ನು ಮಾಡಿರುತ್ತಾರೆ. ಒಮ್ಮೆ ಅದು ಹಾಳಾದರೆ ಮರುದಿನ ಅನ್ನಕ್ಕೆ ಇಟ್ಟಾಗ ತೊಂದರೆ. ನಾಲ್ಕು ಮಂದಿಯ ಊಟ ಆ ಕುಕ್ಕರಿನ ಮೇಲೆ ನಿಂತಿದೆ, ಅದನ್ನು ಕೆಡಿಸಿಕೊಳ್ಳಬೇಡ.

ಹಳೆಯ ದಪ್ಪ ತಳದ ಹಿಂಡಾಲಿಯಂ ಪಾತ್ರೆ ಒಂದು ತಗೋ. ತಳಕ್ಕೆ ಅರ್ಧ ಇಂಚು ಹರಳುಪ್ಪು ಅಥವಾ ತೊಳೆದು ಒಣಗಿಸಿದ ಮರಳು ಹಾಕು. ಅದರ ಮೇಲೆ ಒಂದು ಸ್ಟ್ಯಾಂಡು. ಬಿಗಿಯಾದ ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸು. ಆಮೇಲೆ ಕೇಕಿನ ಡಬ್ಬಿ ಇಳಿಸಿ ಉರಿ ಸಣ್ಣ ಮಾಡು. ಮೊದಲ 25 ನಿಮಿಷ ಮುಚ್ಚಳ ತೆಗೆಯಲೇಬಾರದು. ಮೇಲೆ ಬಣ್ಣ ಬರುವುದಿಲ್ಲ, ಯಾಕೆಂದರೆ ಬಿಸಿ ಕೆಳಗಿನಿಂದ ಮಾತ್ರ ಬರುತ್ತದೆ. ಬಣ್ಣ ಬಾರದಿದ್ದರೂ ಬೆಂದಿರುತ್ತದೆ. ಆ ಉಪ್ಪನ್ನು ಆಮೇಲೆ ಡಬ್ಬಿಯಲ್ಲಿ ತೆಗೆದಿಡು, ಮುಂದಿನ ಸಲಕ್ಕೆ ಆಗುತ್ತದೆ. ಅಡುಗೆಗೆ ಬೇಡ.

ಕೇಕ್ ಇರಲಿ, ದಿನಾ ಸಂಜೆ ಏನು ತಿನ್ನುತ್ತೀರಿ? ಗಿರಮಿಟ್ ಕಲಿತುಕೋ, ಚುರುಮರಿ (ಮಂಡಕ್ಕಿ) ಕಲಸಿ ಮಾಡುವ ಖಾರದ ತಿನಿಸು. ಹದಿನೈದು ನಿಮಿಷದ ಕೆಲಸ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ, ಮೂರು ಉಳ್ಳಾಗಡ್ಡಿ ಹಾಕಿ ಮೆತ್ತಗೆ ಹುರಿ. ಅರಿಶಿಣ, ಉಪ್ಪು, ಹುಣಸೆ ರಸ, ಒಂದು ತುಂಡು ಬೆಲ್ಲ. ಈ ರಸ ದಪ್ಪಗೆ, ಎಣ್ಣೆ ಬಿಡುವವರೆಗೆ ಕುದಿಯಬೇಕು. ನೀರಾಗಿ ಉಳಿದರೆ ಚುರುಮರಿ ತೊಯ್ದು ಮುದ್ದೆಯಾಗುತ್ತದೆ. ಪೂರ್ತಿ ಆರಿದ ಮೇಲೆ ಚುರುಮರಿ, ಪುಟಾಣಿ ಪುಡಿ, ಹಸಿ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ ಹಾಕಿ ಕಲಸು. ಕಲಸಿದ ಕೂಡಲೇ ತಿನ್ನಬೇಕು. ಆ ರಸ ಮಾತ್ರ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಬರುತ್ತದೆ.

ಬಣ್ಣ ಬೇಕು, ಖಾರ ಜಾಸ್ತಿ ಬೇಡ ಎಂದರೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಹಾಕು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ ಕಾಯಿ ಅದು. ಬಣ್ಣಕ್ಕೇ ಅದಕ್ಕೆ ಹೆಸರು.

ಹಾಸ್ಟೆಲ್ ರೂಮು, ಧಾರವಾಡ

ಅಣ್ಣಾರೆ, ಬಹಳ ಉಪಕಾರವಾಯಿತು. ಗಿರಮಿಟ್ ಇವತ್ತೇ ಮಾಡುತ್ತೇವೆ. ಪಾತ್ರೆ ಹುಡುಕಿ ಕೇಕ್ ಆಮೇಲೆ.

ಉಣಕಲ್ ಕಡೆಯವ, ಹುಬ್ಬಳ್ಳಿ

ಗೋದಿ ಹಿಟ್ಟಿನ ಪಾವ್ ಮಾಡುವವರು ಇದ್ದೀರಾ? ಬೇಸಿಗೆಯಲ್ಲಿ ಕಣಕ ಹುಳಿ ವಾಸನೆ ಬರುತ್ತದೆ. ಯೀಸ್ಟ್ ಕಡಿಮೆ ಮಾಡಬೇಕಾ?

ಮಾಳಮಡ್ಡಿ ಅಡುಗೆಮನೆ, ಧಾರವಾಡ

ಯೀಸ್ಟ್ ಕಡಿಮೆ ಮಾಡಿ, ನೀರು ತಣ್ಣಗೆ ಮಾಡಿ, ಎರಡೂ ಬೇಕು. ಪ್ಯಾಕೆಟ್ಟಿನ ಮೇಲೆ ಬೆಚ್ಚಗಿನ ನೀರು, ಒಂದು ತಾಸು ಉಬ್ಬಲು ಬಿಡಿ ಎಂದು ಬರೆದಿರುತ್ತದೆ. ಅದು ತಂಪು ಊರಿನ ಲೆಕ್ಕ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಬಿಸಿಲು 37, 38 ಡಿಗ್ರಿ ಮುಟ್ಟುತ್ತದೆ. ಅಡುಗೆಮನೆಯೇ ಬೆಚ್ಚಗಿರುವಾಗ ನೀರನ್ನೂ ಬೆಚ್ಚಗೆ ಮಾಡಿದರೆ ಯೀಸ್ಟ್ ಓಡಲು ಶುರು ಮಾಡುತ್ತದೆ. ಗಡಿಗೆಯ ತಣ್ಣೀರೇ ಬಳಸಿ. 300 ಗ್ರಾಂ ಗೋದಿ ಹಿಟ್ಟಿಗೆ ಚಳಿಗಾಲದಲ್ಲಿ ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್ ಹಾಕಿದರೆ ಬೇಸಿಗೆಯಲ್ಲಿ ಅರ್ಧ ಚಮಚ ಸಾಕು. ನೀರು 210ರಿಂದ 225 ಎಂ.ಎಲ್. ಹಿಡಿಯುತ್ತದೆ. ಗಡಿಯಾರ ನೋಡಬೇಡಿ, ಕಣಕ ನೋಡಿ. ಬೆರಳಿಗೆ ಹಿಟ್ಟು ಸವರಿ ಒತ್ತಿದರೆ ಗುಳಿ ನಿಧಾನವಾಗಿ ಅರ್ಧ ಮಾತ್ರ ಮೇಲೆ ಬರಬೇಕು. ತಟ್ಟನೆ ಎದ್ದರೆ ಇನ್ನೂ ಆಗಿಲ್ಲ, ಏಳದೇ ಉಳಿದರೆ ಜಾಸ್ತಿ ಆಗಿದೆ.

ನಾದುವುದು ಮಾತ್ರ ಬಿಡಬೇಡಿ. ಕಲಸಿ 30 ನಿಮಿಷ ಸುಮ್ನೆ ಬಿಟ್ಟು ಆಮೇಲೆ ನಾದಿದರೆ ಕೈಗೆ ಅರ್ಧ ಕೆಲಸ ಕಡಿಮೆ. ಹೋಳಿಗೆ ಕಣಕ ನಾದುವ ಕೈಗೆ ಇದು ಹೊಸದಲ್ಲ.

ಕೆಲಗೇರಿ ಹುಡುಗಿ, ಧಾರವಾಡ

ಜವೆ ಗೋದಿಯಲ್ಲಿ (ಖಪ್ಲಿ ಅಂತಲೂ ಕರೆಯುವ ಹಳೆ ಕಾಲದ ಗೋದಿ) ಪಾವ್ ಮಾಡಬಹುದಾ ಅಕ್ಕಾ? ಅಜ್ಜಿ ಅದನ್ನೇ ತರಿಸುತ್ತಾರೆ, ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದು.

ಮಾಳಮಡ್ಡಿ ಅಡುಗೆಮನೆ, ಧಾರವಾಡ

ಪಾವ್‌ಗೆ ಅದು ಅಷ್ಟು ಹೊಂದುವುದಿಲ್ಲ. ಜವೆ ಗೋದಿಯಲ್ಲಿ ಪ್ರೋಟೀನ್ ಚೆನ್ನಾಗಿದೆ, ಆದರೆ ಅದರ ಗ್ಲುಟೆನ್ ಬಲವಿಲ್ಲದ್ದು. ಕಣಕ ಉಬ್ಬಿ ಹರಡಿಬಿಡುತ್ತದೆ, ಮೇಲಕ್ಕೆ ಏಳುವುದಿಲ್ಲ. ಮೂರರಲ್ಲಿ ಒಂದು ಪಾಲು ಜವೆ, ಎರಡು ಪಾಲು ಸಾದಾ ಗೋದಿ ಹಾಕಿದರೆ ರುಚಿಯೂ ಬರುತ್ತದೆ, ಎತ್ತರವೂ ಬರುತ್ತದೆ. ಪೂರ್ತಿ ಜವೆಯನ್ನು ಬಿಸ್ಕೀಟಿಗೆ, ಸಜ್ಜಕಕ್ಕೆ, ಶಾವಿಗೆಗೆ ಬಳಸಿ, ಅಲ್ಲಿ ಅದಕ್ಕೆ ಸಾಟಿ ಇಲ್ಲ. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯವೇ ಡಿಡಿಕೆ 1025, ಡಿಡಿಕೆ 1029 ಎಂಬ ಜವೆ ತಳಿಗಳನ್ನು ಕೊಟ್ಟಿದೆ. ನಮ್ಮ ಹೊಲದಲ್ಲಿ ಬೆಳೆಯುವ ಗೋದಿಯನ್ನು ಬಿಟ್ಟು ದೂರದ ಪ್ಯಾಕೆಟ್ ಓಟ್ಸ್ ಹುಡುಕುವುದು ನನಗಂತೂ ಮನಸ್ಸಿಗೆ ಬರುವುದಿಲ್ಲ. ಅಜ್ಜಿಯ ಸಕ್ಕರೆ ಕಾಯಿಲೆಗೆ ಎಷ್ಟು ತಿನ್ನಬೇಕು ಎಂಬುದನ್ನು ಮಾತ್ರ ಡಾಕ್ಟರನ್ನೇ ಕೇಳಿ. ಬೆಲ್ಲ ಹಾಕಿದ್ದೇವೆ ಎಂದು ಧಾರಾಳ ಮಾಡಬೇಡಿ, ಬೆಲ್ಲವೂ ಸಕ್ಕರೆಯೇ.

ಲೈನ್ ಬಜಾರ್ ಸಿಹಿ, ಧಾರವಾಡ

ಪೇಡೆ ಕೇಕ್ ಬಗ್ಗೆ ಒಂದು ಪ್ರಶ್ನೆ. ನೆಂಟರು ಬಂದಾಗ ತಂದ ಧಾರವಾಡ ಪೇಡೆ ಉಳಿದಿದೆ. ಪುಡಿ ಮಾಡಿ ಕೇಕಿನ ಮೇಲೆ ಉದುರಿಸಿ ಬೇಯಿಸಿದರೆ ಹೇಗೆ?

ವಿದ್ಯಾನಗರ ಬೇಕಿಂಗ್, ಹುಬ್ಬಳ್ಳಿ

ಮೇಲೆ ಬೇಡ ರೀ, ಕರಿದಾಗುತ್ತದೆ. ಪೇಡೆಯ ಆ ಕಂದು ಬಣ್ಣ ಬಂದಿರುವುದೇ ಖೋವಾವನ್ನು ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಹುರಿದು. ಹಾಲಿನ ಪ್ರೋಟೀನ್, ಸಕ್ಕರೆ ಎರಡೂ ಸೇರಿ ಆಗಲೇ ಕೆಂಪಾಗಿವೆ. ಮತ್ತೆ 40 ನಿಮಿಷ ನೇರ ಬಿಸಿ ತಾಗಿದರೆ ಕಹಿಯಾಗುತ್ತದೆ. ಪುಡಿ ಮಾಡಿ ಕೇಕಿನ ಒಳಗೆ, ನಡುವಿನ ಪದರದಲ್ಲಿ ಹಾಕಿ. ಅರ್ಧ ಹಿಟ್ಟು ಹೊಯ್ದು, ಪೇಡೆ ಪುಡಿ ಹರಡಿ, ಉಳಿದರ್ಧ ಮೇಲೆ ಹೊಯ್ಯಿರಿ. ಆರು ಪೇಡೆ ಹಾಕಿದರೆ ರೆಸಿಪಿಯ ಸಕ್ಕರೆಯಲ್ಲಿ ಎರಡು ದೊಡ್ಡ ಚಮಚ ಕಡಿಮೆ ಮಾಡಿ.

ರಾಣೆಬೆನ್ನೂರು ರುಚಿ, ಹಾವೇರಿ ಜಿಲ್ಲೆ

ವೈನಿ ಹೇಳಿದ ಜೋಳದ ನಾನ್‌ಖಟಾಯಿ ಮಾಡಿದೆ. ಮನೆಯಲ್ಲಿ ಎಲ್ಲರಿಗೂ ಹಿಡಿಸಿತು. ಜೋಳ ಹಾಕಿದ್ದು ಎಂದು ಹೇಳುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಮಳೆಗಾಲದಲ್ಲಿ ಎರಡು ದಿನಕ್ಕೇ ಮೆತ್ತಗಾಗುತ್ತವೆ. ಇದಕ್ಕೆ ಏನು ಮಾಡಬೇಕು?

ಬೆಟಗೇರಿ ವೈನಿ, ಗದಗ

ಭಾಳ ಸಂತೋಷ ಆಯಿತು. ಮಳೆಗಾಲಕ್ಕೆ ಎರಡು ಉಪಾಯ. ಬೇಯಿಸಿದ ಮೇಲೆ ಓವನ್ ಆರಿಸಿ, ಬಾಗಿಲು ಒಂದು ಬೆರಳು ತೆರೆದು, ಹತ್ತು ನಿಮಿಷ ಒಳಗೇ ಬಿಡಿ. ಒಳಗಿನ ಹಸಿ ಪೂರ್ತಿ ಹೋಗುತ್ತದೆ. ಡಬ್ಬಿಗೆ ತುಂಬುವ ಮುಂಚೆ ತಣ್ಣಗಾಗಿರಬೇಕು. ಡಬ್ಬಿ ಸ್ಟೀಲಿನದು, ಮುಚ್ಚಳ ಬಿಗಿಯಾದದ್ದು ಇರಲಿ, ತಳಕ್ಕೆ ಒಂದು ದಪ್ಪ ಹಾಳೆ. ದಿನಾ ತೆಗೆಯಲು ಸಣ್ಣ ಡಬ್ಬಿ ಬೇರೆ ಮಾಡಿಕೊಳ್ಳಿ, ದೊಡ್ಡದನ್ನು ಮತ್ತೆ ಮತ್ತೆ ತೆರೆಯಬಾರದು. ಬೆಲ್ಲ ಹಾಕಿ ಮಾಡಿದ್ದರೆ ಇನ್ನೂ ಬೇಗ ಮೆತ್ತಗಾಗುತ್ತವೆ, ಬೆಲ್ಲ ಗಾಳಿಯಲ್ಲಿನ ತೇವ ಎಳೆಯುತ್ತದೆ. ಮಳೆಗಾಲದಲ್ಲಿ ಸಕ್ಕರೆಯದೇ ಮಾಡಿ. ಮೆತ್ತಗಾಗಿದ್ದರೆ ಎಸೆಯಬೇಡಿ, 120 ಡಿಗ್ರಿಯಲ್ಲಿ ಎಂಟು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಗರಿಯಾಗುತ್ತವೆ.

ಮಾಳಮಡ್ಡಿ ಅಡುಗೆಮನೆ, ಧಾರವಾಡ

ವೈನಿ, ನಿಮ್ಮ ಎಸರಿನ ಉಪಾಯ ಓದಿ ಮಾದಲಿ ಕೇಕಿಗೂ ಕಾಲು ಪಾಲು ಜೋಳದ ಹಿಟ್ಟು ಹಾಗೇ ಬೇಯಿಸಿ ಸೇರಿಸಬೇಕು ಎನಿಸಿದೆ. ಈ ಭಾನುವಾರ ಮಾಡುತ್ತೇನೆ. ಅಳತೆ ಸರಿಬಂದರೆ ಇಲ್ಲೇ ಗ್ರಾಂ ಲೆಕ್ಕದಲ್ಲಿ ಹಾಕುತ್ತೇನೆ. ಗಿರಣಿ ಅಣ್ಣಾರೆ, ಸಜ್ಜಿ ಹಿಟ್ಟಿನ ಬಗ್ಗೆಯೂ ಬರೆಯಿರಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ರುಚಿಯ ಒಂದು ಖಾರಾ ಬಿಸ್ಕೀಟು ಮಾಡುವ ಯೋಚನೆ ಇದೆ. ಅದಕ್ಕೆ ಹಿಟ್ಟು ಎಷ್ಟು ಸಣ್ಣಗೆ ಇರಬೇಕು?

ಗಿರಣಿ ಅಣ್ಣ, ಕುಂದಗೋಳ

ಸಜ್ಜಿಗೆ ಜೋಳಕ್ಕಿಂತ ಎಣ್ಣೆ ಅಂಶ ಜಾಸ್ತಿ, ಬೇಗ ಕಹಿಯಾಗುತ್ತದೆ ಅಕ್ಕಾರೆ. ಬಿಸ್ಕೀಟು ಮಾಡುವ ಹಿಂದಿನ ದಿನವೇ ಬೀಸಿಸಿ. ರೊಟ್ಟಿಗೆ ಬೀಸುವಷ್ಟೇ ಸಣ್ಣಗೆ ಸಾಕು. ಅರ್ಧ ಕಿಲೋ ಮಾತ್ರ ತನ್ನಿ, ಎಳ್ಳು ಬಿಳಿಯದು ಹಚ್ಚಿ.